ದೇವರ ಮೀನಿಗೆ ಒಂದು ಪಾವು

ಆ ದಿನ ಬೆಳಿಗ್ಗೆ ಮುಂಡಾಜೆಯ ಕಡೆ ಮಂಜು ಬೀಳಲೇ ಇಲ್ಲ. ಮಾಘ ಮಾಸವಾದರೂ ಆಗಲೇ ಬಿಸಿಲು ಬೆನ್ನು ಸುಡುತ್ತಿತ್ತು. ದೇವಸ್ಥಾನದ ಕೆಳಗಿನ ಹೊಳೆಗುಂಡಿಯಲ್ಲಿ ದೇವರ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಕಾಂತಿ ನೀರಿಗಿಳಿದು ಒಂದೊಂದನ್ನೇ ಎತ್ತಿ ಬಿದಿರಿನ ಗೆರಸೆಗೆ ಹಾಕಿದಳು. ಅವಳ ಮನೆಯವರು ತಲೆತಲಾಂತರದಿಂದ ಈ ಮೀನುಗಳಿಗೆ ದಿನಕ್ಕೊಂದು ಪಾವು ಅಕ್ಕಿ ಹಾಕುತ್ತಿದ್ದವರು. ಒಂದೇ ಪಾವು, ಉಳಿದದ್ದನ್ನು ಹೊಳೆ ಕೊಡುತ್ತದೆಂಬ ನಂಬಿಕೆ. ಎರಡು ವರ್ಷದ ಹಿಂದೆ ಆಡಳಿತ ಸಮಿತಿಯ ಅಧ್ಯಕ್ಷ ಲೋಕನಾಥ ಆ ಅಕ್ಕಿ ಅಳೆಯುವ ಹಿತ್ತಾಳೆಯ ಪಾವನ್ನು ಅವಳಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟು, ‘ಮತ್ಸ್ಯಸೇವೆ’ ಎಂದು ಬೋರ್ಡು ಹಾಕಿಸಿದ. ಬಂದವರೆಲ್ಲ ಮಂಡಕ್ಕಿ, ಬ್ರೆಡ್ಡು, ಚಿಪ್ಸು ಸುರಿದರು. ದಂಡೆಯ ಮರ ಕಡಿದು ಬಸ್ಸಿಗೆ ಜಾಗ ಮಾಡಿದರು. ಡ್ರೈವರುಗಳು ಅಲ್ಲೇ ಸೋಪು ಹಾಕಿ ಬಸ್ಸು ತೊಳೆದರು.

“ಬೇಗ ಹುಗಿದುಬಿಡು ಮಾರಾಯ್ತಿ,” ಎಂದ ಲೋಕನಾಥ, ಮೆಟ್ಟಿಲ ಮೇಲಿಂದಲೇ. “ಈಗ ಬಸ್ಸು ಬರ್ಲಿಕ್ಕುಂಟು.”

“ಬರ್ಲಿ. ನೋಡ್ಲಿ.”

“ಭಕ್ತರು ಪ್ರೀತಿಯಿಂದ ಹಾಕಿದ್ದಲ್ವಾ? ದೇವರ ಮೀನಿಗೆ ಅಜೀರ್ಣ ಆಗ್ತದಾ?”

“ಸಮಾರಾಧನೆಯಲ್ಲಿ ಮೂರು ಸಲ ಪಾಯಸ ಬಡಿಸಿಕೊಂಡು ನೀವು ಗುಳಿಗೆ ನುಂಗ್ತೀರಲ್ಲ ಲೋಕನಾಥಣ್ಣ, ಅದೂ ಪ್ರೀತಿಯಿಂದ ಬಡಿಸಿದ್ದೇ!”

ದೇವರ ಮೀನು ಸತ್ತರೆ ಆ ಊರಿಗೆ ಮನೆಯ ಹಿರಿಯರು ಹೋದ ಹಾಗೆ. ಸೂತಕ ಕಳೆಯುವವರೆಗೆ ಗಂಟೆ ಬಾರಿಸುವಂತಿಲ್ಲ, ಹೊರಗಿನವರು ಹೊಳೆಗಿಳಿಯುವಂತಿಲ್ಲ. ಈ ಎರಡು ವರ್ಷ ಸತ್ತವುಗಳನ್ನು ಸಮಿತಿಯವರು ಯಾರಿಗೂ ಹೇಳದೆ ಹುಗಿದರು. ಹಾಗಾಗಿ ಸೂತಕವೇ ಬರಲಿಲ್ಲ, ಬಸ್ಸು ನಿಲ್ಲಲಿಲ್ಲ.

ಕಾಂತಿ ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿದಳು. ಗೆರಸೆಯನ್ನು ದ್ವಾರದ ಹೊರಗಿಟ್ಟು, ಸೆರಗಿನ ಅಂಚು ಹರಿದು ದ್ವಾರದ ಗಂಟೆಯ ನಾಲಗೆಗೆ ಬಿಗಿದಳು.

“ಬಿಚ್ಚು! ಬಸ್ಸಿನವರಿಗೆ ನಾನೇನು ಹೇಳ್ಲಿ?”

“ಇದ್ದದ್ದು ಹೇಳಿ. ದೇವರ ಮೀನನ್ನು ನಾವೇ ಕೊಂದದ್ದು ಅಂತ. ಗುಂಡಿಯಲ್ಲಿ ಇನ್ನೂ ನಾಲ್ಕು ಜೀವ ಉಂಟು. ಅವೂ ಸಾಯ್ಲಿ ಅಂತಿದ್ರೆ ನೀವೇ ಬಿಚ್ಚಿ. ಮೊದಲು ಗೆರಸೆ ನೋಡಿ.”

ಅವನು ಗಂಟೆಗೆ ಕೈ ಚಾಚಿದವನು ಕೆಳಗೆ ನೋಡಿದ. ಎಲ್ಲಕ್ಕಿಂತ ಮೇಲೆ ಬಾಲ ಹರಿದ ಮುದಿ ಮೀನು. ಚಿಕ್ಕಂದಿನಲ್ಲಿ ಅವನ ಮೈಯೆಲ್ಲ ಕಜ್ಜಿಯಾದಾಗ ತಾಯಿ ಹರಕೆಯ ಅಕ್ಕಿ ಕೊಟ್ಟು ಅವನನ್ನು ಈ ಮೆಟ್ಟಿಲಲ್ಲಿ ಕೂರಿಸಿದ್ದರು. ಆ ಅಕ್ಕಿಯನ್ನು ಅವನ ಬೆರಳ ಸಂದಿಯಿಂದ ತಿಂದದ್ದು ಇದೇ ಬಾಲಹರುಕ.

ರಸ್ತೆಯಲ್ಲಿ ಹಾರ್ನು ಕೇಳಿಸಿತು. ಲೋಕನಾಥ ಹೋಗಿ ಗೇಟಿಗೆ ಸರಪಳಿ ಎಳೆದ. “ಸೂತಕ ಉಂಟು, ಬಸ್ಸು ತಿರುಗಿಸಿ,” ಎಂದದ್ದು ಮಾತ್ರ ಕೇಳಿಸಿತು.

ಕಾಂತಿ ಹೊಂಡ ತೋಡಿ ಮಣ್ಣು ಮುಚ್ಚುವಾಗ ಅವನು ಬಂದ. ಧೂಳು ಹಿಡಿದ ಪಾವನ್ನು ಶಾಲಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ಅವನ ಮುಖ ನೋಡದೆ ತೆಗೆದುಕೊಂಡಳು.