ಇನ್ನೂರ ಹದಿನಾಲ್ಕನೆಯ ಚಿತ್ರ

ಆ ಪಾತ್ರೆಯ ತಳವನ್ನು ಮೊದಲ ಸಲ ಮುಟ್ಟಿದಾಗ ನನ್ನ ಹೆಬ್ಬೆರಳಿಗೆ ಮಸಿ ಹತ್ತಿತು. ಹದಿನೇಳು ಶತಮಾನ ಮಣ್ಣಿನಡಿ ಕೂತಿದ್ದ ಮಸಿ, ನಿನ್ನೆ ಒಲೆಯಿಂದ ಇಳಿಸಿದ ಪಾತ್ರೆಯ ಮಸಿಯಂತೆ ಸಲೀಸಾಗಿ ಬೆರಳಿಗೆ ಬಂದಿತು. ಚಿತ್ರದ ಹಾಳೆಗೆ ತಾಗದಿರಲಿ ಎಂದು ಹೆಬ್ಬೆರಳನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಕೇಲು ತೆಗೆದುಕೊಂಡೆ.

ನಾನಾಗ ನಮ್ಮ ಊರಿನ ಗುಡ್ಡದ ಮೇಲಿನ ಉತ್ಖನನದಲ್ಲಿ ಚಿತ್ರ ಬರೆಯುವವನಾಗಿದ್ದೆ. ಹೆಂಚಿನ ಕಾರ್ಖಾನೆಯಲ್ಲಿ ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಇತಿಹಾಸ ಓದಿ ಪಡೆದ ಕೆಲಸ ಅದು. ಸಿಕ್ಕಿದ ಪ್ರತಿ ಚೂರನ್ನೂ ಅಳೆದು, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಒಂದು ಗೆರೆ ಹೆಚ್ಚಿರಬಾರದು, ಒಂದು ಗೆರೆ ಕಡಿಮೆಯಿರಬಾರದು. ನಾನು ಪ್ರತಿಯೊಂದನ್ನೂ ಮೂರು ಸಲ ಅಳೆಯುತ್ತಿದ್ದೆ. ಮೂರು ಸಲವೂ ಒಂದೇ ಅಳತೆ ಬಂದರೆ ಸ್ಕೇಲಿನ ಮೇಲೆಯೇ ಅನುಮಾನ ಬರುತ್ತಿತ್ತು.

ಅಗೆತದ ಮುಖ್ಯಸ್ಥರು ಡಾಕ್ಟರ್ ಸಿಪ್ರಿಯನ್. ಹಣ ಇಗರ್ಜಿಯ ಟ್ರಸ್ಟಿನದು. ಕ್ರೈಸ್ತ ಧರ್ಮ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಆ ಗುಡ್ಡದ ಮೇಲೆ ಕೆಲವು ಕುಟುಂಬಗಳು ನೆಲೆಸಿದ್ದವು. ಟ್ರಸ್ಟಿಗೆ ಅಲ್ಲಿಂದ ಒಬ್ಬ ಹುತಾತ್ಮ ಬೇಕಾಗಿದ್ದ. ಸಮಾಧಿಯಿದ್ದರೆ ಒಳ್ಳೆಯದು, ಬಲಿಪೀಠವಿದ್ದರೆ ಇನ್ನೂ ಒಳ್ಳೆಯದು. ನೆಲ ಕೊಟ್ಟದ್ದು ಒಲೆಯ ಕಲ್ಲು, ಬೀಸುವ ಕಲ್ಲು, ಗಾಳದ ಕೊಕ್ಕೆ, ಎಣ್ಣೆ ಕುಡಿದು ಕಪ್ಪಾದ ಹಣತೆ, ರಾಶಿ ರಾಶಿ ಮೀನಿನ ಮುಳ್ಳು. ಪ್ರತಿಯೊಂದು ಮುಳ್ಳನ್ನೂ ಡಾಕ್ಟರು ತಮಗಾದ ಅವಮಾನವೆಂದೇ ಸ್ವೀಕರಿಸುತ್ತಿದ್ದರು. ಅವರ ಲೆಕ್ಕದಲ್ಲಿ ಆ ಕಾಲದ ಭಕ್ತರು ಉಣ್ಣುತ್ತಲೇ ಇರಲಿಲ್ಲ. ಹುಟ್ಟುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ನೇರ ಸಿಂಹದ ಬಾಯಿಗೆ ಹೋಗುತ್ತಿದ್ದರು. ಇಷ್ಟು ಓದಿದ ಮನುಷ್ಯ ಇಷ್ಟು ದಡ್ಡನಾಗಿರಲು ಎಷ್ಟು ಕಷ್ಟಪಟ್ಟಿರಬೇಕು ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಹೊರಗೆ "ಹೌದು ಸರ್" ಎನ್ನುತ್ತಿದ್ದೆ.

ಚೂರುಗಳನ್ನು ತೊಳೆಯುತ್ತಿದ್ದವಳು ಸೆವ್ರಿನ್ ಬಾಯಿ. ಅಗೆತದ ಗುಂಡಿಗೆ ತಾಗಿಯೇ ಅವಳ ಮನೆ. ನೆಲ ಇಗರ್ಜಿಯದು, ಮನೆ ಅವಳ ಅತ್ತೆಯ ಕಾಲದ್ದು. ಟ್ರಸ್ಟಿನವರು ಮೊದಲೇ ಹೇಳಿದ್ದರು: ಪವಿತ್ರವಾದದ್ದು ಸಿಕ್ಕಿದರೆ ಅಲ್ಲಿ ಗುಡಿ ಏಳುತ್ತದೆ, ಮನೆ ಹೋಗುತ್ತದೆ, ಏನೂ ಸಿಗದಿದ್ದರೆ ಗುಂಡಿ ಮುಚ್ಚುತ್ತಾರೆ, ಅವಳು ಇದ್ದಲ್ಲಿಯೇ ಇರಬಹುದು. ಹಾಗಾಗಿ ಮೀನಿನ ಮುಳ್ಳು ಸಿಕ್ಕಿದಾಗಲೆಲ್ಲ ಅವಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು.

ಆ ಪಾತ್ರೆ ಸಿಕ್ಕಿದ್ದು ಒಲೆಯ ಪಕ್ಕದಲ್ಲಿ. ಹೆಚ್ಚು ಕಡಿಮೆ ಇಡಿಯಾಗಿತ್ತು. ಬಾಯಿಯ ಕೆಳಗೆ ಯಾರೋ ಮೊಳೆಯಿಂದ ಗೀರಿದಂತೆ ಒಂದು ಶಿಲುಬೆ, ಬಿರುಕಿನ ಎರಡೂ ಬದಿ ಸಣ್ಣ ತೂತುಗಳು, ಒಳಗೆ ಮೂರು ಪುಟ್ಟ ಎಲುಬುಗಳು. ಡಾಕ್ಟರು ಟೋಪಿ ತೆಗೆದರು.

"ಮಗುವಿನ ಎಲುಬು," ಎಂದರು. "ಬಾಲಹುತಾತ್ಮ. ಇದು ಅಸ್ಥಿಪಾತ್ರೆ. ಈ ತೂತುಗಳು ಸರಪಳಿ ಹಾಕಿ ಬಲಿಪೀಠದ ಮೇಲೆ ತೂಗಲಿಕ್ಕೆ."

"ಅದು ಆಡಿನ ಮರಿಯದ್ದು ಸರ್," ಎಂದಳು ಸೆವ್ರಿನ್ ಬಾಯಿ.

"ನಿಮಗೆ ಹೇಗೆ ಗೊತ್ತು?"

"ನಲವತ್ತು ವರ್ಷ ಸಾರು ಮಾಡಿದ್ದೇನಲ್ಲ."

ಕೂಲಿಯವರು ನಕ್ಕರು. ಡಾಕ್ಟರು ನಗಲಿಲ್ಲ. ಅವರು ಹೋದ ಮೇಲೆ ಅವಳು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಪಾತ್ರೆಯನ್ನು ತಿರುಗಿಸಿದಳು.

"ತಳ ನೋಡಿ ಮಾಷ್ಟ್ರೆ, ಎಷ್ಟು ಮಸಿ. ಬಿರುಕು ಬಿಟ್ಟದ್ದಕ್ಕೆ ತೂತು ಕೊರೆದು ತಂತಿ ಹಾಕಿ ಬಿಗಿದದ್ದು. ಬಡವರ ಮನೆಯದ್ದು ಇದು."

"ಮತ್ತೆ ಶಿಲುಬೆ?"

"ಎಂತ ಕೇಳ್ತೀರಿ ನೀವು, ಕಾಲೇಜಿಗೆ ಹೋದವರು. ಹತ್ತು ಮನೆಯವರು ಸೇರಿ ಊಟ ಮಾಡುವಾಗ ಪಾತ್ರೆ ಅದಲು ಬದಲು ಆಗ್ತದೆ. ಅದಕ್ಕೆ ಗುರುತು ಹಾಕುವುದು. ಬಂದು ನನ್ನ ಚೆಂಬಿನ ಮೇಲೆ ನೋಡಿ, ಮೂರು ಚುಕ್ಕಿ ಉಂಟು. ಈ ಪಾತ್ರೆಯವಳದ್ದು ಶಿಲುಬೆ. ಊಟ ಆದ ಮೇಲೆ ತೊಳೆದು ವಾಪಸು ಕೊಡ್ಲಿಲ್ಲ ಕಾಣ್ತದೆ, ಪಾಪ."

ಸಂಜೆ ಕಾಲೇಜಿನ ನಾಲ್ಕು ವರ್ಷಗಳಲ್ಲಿ ನನಗೆ ಯಾರೂ ಅಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ. ಅವರು ಸೇರಿ ಉಣ್ಣುತ್ತಿದ್ದರು, ಮನೆಮನೆಯಿಂದ ಪಾತ್ರೆ ತರುತ್ತಿದ್ದರು, ಪಾತ್ರೆ ಕಳೆದುಹೋದೀತು ಎಂದು ಹೆದರುತ್ತಿದ್ದರು. ಆ ಮಧ್ಯಾಹ್ನವೇ ಚಿತ್ರ ಮುಗಿಸಿದೆ. ತಳದ ಮಸಿಯನ್ನು ಮೆತ್ತನೆಯ ಪೆನ್ಸಿಲಿನಲ್ಲಿ, ಎಲ್ಲಿ ದಟ್ಟ, ಎಲ್ಲಿ ತೆಳುವೆಂದು ನೋಡಿ ನೋಡಿ ತುಂಬಿದೆ. ಕೆಳಗೆ ಸಂಖ್ಯೆ ಬರೆದೆ: ಇನ್ನೂರ ಹದಿನಾಲ್ಕು.

ಮೂರು ದಿನ ಕಳೆದು ಡಾಕ್ಟರು ನನ್ನನ್ನು ಕರೆದರು. "ಶನಿವಾರ ಟ್ರಸ್ಟಿನವರು ಬರ್ತಾರೆ. ಪಾತ್ರೆಯನ್ನು ಚೆನ್ನಾಗಿ ತೊಳೆಸಿ."

ಮಸಿ ಹಿಡಿದ ಪಾತ್ರೆಗೆ ನೀರು ತಾಗಿಸಬಾರದು ಎಂಬುದು ನಿಯಮ. ನಿಯಮದ ಪುಸ್ತಕ ನನ್ನ ಕಿಸೆಯಲ್ಲಿಯೇ ಇತ್ತು. ಆದರೆ ಅದನ್ನು ಬರೆದವರು ಡಾಕ್ಟರೇ. ಬರೆದವರಿಗೆ ಅದನ್ನು ನೆನಪಿಸಲು ನಾನು ಯಾರು ಎಂದು ಅರ್ಧ ದಿನ ಯೋಚಿಸಿ, ಸೆವ್ರಿನ್ ಬಾಯಿಗೆ ಹೇಳಿದೆ: "ದೊಡ್ಡವರು ಬರ್ತಾರಂತೆ. ಚೆನ್ನಾಗಿ ತೊಳೆಯಬೇಕಂತೆ."

ನೆಂಟರು ಬರುತ್ತಾರೆಂದರೆ ಕಪ್ಪು ತಳದ ಪಾತ್ರೆ ಹೊರಗಿಡುವ ಹೆಂಗಸು ಅವಳಲ್ಲ. ಮನೆಯಿಂದ ಬೂದಿ ತಂದಳು, ತೆಂಗಿನ ನಾರು ತಂದಳು. ಮಾರನೆಯ ಬೆಳಿಗ್ಗೆ ಪಾತ್ರೆ ನನ್ನ ಮೇಜಿನ ಮೇಲೆ ಹೊಸ ಇಟ್ಟಿಗೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. "ಹೇಗುಂಟು?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಮನೆಯ ಪರವಾಗಿದ್ದ ದೊಡ್ಡ ಸಾಕ್ಷಿಯನ್ನು ಅವಳೇ ಉಜ್ಜಿ ತೆಗೆದಿದ್ದಾಳೆಂದು ಹೇಳಬೇಕಾಯಿತು. ಅವಳು ಒಳಗೆ ಬಂದು ಮೇಜಿನ ಮೇಲಿನ ಹಾಳೆಗಳನ್ನು ನೋಡಿದಳು. ಆಮೇಲೆ, "ನಿಮ್ಮ ಚಿತ್ರದಲ್ಲಿ ಉಂಟಲ್ಲ ಮಾಷ್ಟ್ರೆ," ಎಂದಳು. "ಅದನ್ನು ತೋರಿಸಿದರೆ ಆಯ್ತು."

"ಆಯ್ತು," ಎಂದೆ.

ಶುಕ್ರವಾರ ಡಾಕ್ಟರು ಆ ಹಾಳೆಯನ್ನು ನನ್ನ ಮುಂದಿಟ್ಟರು, ಪಕ್ಕದಲ್ಲಿ ಪಾತ್ರೆ.

"ಈ ಕಪ್ಪು ಎಂತದು?"

"ಮಸಿ ಸರ್."

"ಎಲ್ಲಿ? ತೋರಿಸಿ ನೋಡುವ."

ನಾನು ಪಾತ್ರೆಯನ್ನು ತಿರುಗಿಸಿ ತಳವನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿದೆ. ಬೆರಳು ಸ್ವಚ್ಛವಾಗಿತ್ತು.

"ಪಾತ್ರೆಯಲ್ಲಿ ಇಲ್ಲದ್ದು ಚಿತ್ರದಲ್ಲಿ ಹೇಗೆ ಬಂತು? ಇದನ್ನೇ ಕಲಿಸಿದ್ದಾ ನಿಮ್ಮ ಸಂಜೆ ಕಾಲೇಜಿನಲ್ಲಿ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅಷ್ಟೇ."

ಅವರು ಬೆದರಿಸಲಿಲ್ಲ, ಕೆಲಸದಿಂದ ತೆಗೆಯುತ್ತೇನೆ ಎನ್ನಲಿಲ್ಲ. ನನ್ನ ನಿಯಮವನ್ನೇ ನನ್ನ ಕೈಗೆ ಕೊಟ್ಟು ಹೋದರು. ನಾನು ಪಾತ್ರೆಯನ್ನು ನೋಡಿದೆ, ಹಾಳೆಯನ್ನು ನೋಡಿದೆ. ಎರಡೂ ಹೊಂದುತ್ತಿರಲಿಲ್ಲ, ನಿಜವೇ. ನಾನು ಕಂಡದ್ದು ಬರಿಯ ಮಣ್ಣಿನ ಕಲೆ ಇದ್ದಿರಬಹುದೇ? ಅಂದು ಬೆರಳಿಗೆ ಹತ್ತಿದ್ದು ನನ್ನದೇ ಪೆನ್ಸಿಲಿನ ಪುಡಿಯೇ? ಹೀಗೆ ಒಂದು ಗಂಟೆ ನನ್ನನ್ನೇ ಅಡ್ಡಪ್ರಶ್ನೆ ಮಾಡಿ, ಕೊನೆಗೆ ರಬ್ಬರು ತೆಗೆದುಕೊಂಡೆ. ಡಾಕ್ಟರರ ಬಗ್ಗೆ ನನಗಿದ್ದ ತಿರಸ್ಕಾರ ಕಡಿಮೆಯಾಗಲಿಲ್ಲ, ಆದರೆ ಅವರು ಕಡೇಪಕ್ಷ ತಮಗೆ ಬೇಕಾದದ್ದಕ್ಕಾಗಿ ಸುಳ್ಳು ಹೇಳಿದರು. ನಾನು ಹಾಳೆ ಹರಿಯದಂತೆ, ಅಂಚು ಕೆಡದಂತೆ, ಬಹಳ ನೀಟಾಗಿ ಅಳಿಸಿದೆ.

ಶನಿವಾರ ಪಾದ್ರಿಗಳ ಮನೆಯ ಜಗುಲಿಯಲ್ಲಿ ಐವರು ಟ್ರಸ್ಟಿಗಳು ಕುರ್ಚಿಯಲ್ಲಿ ಕೂತಿದ್ದರು. ಒಬ್ಬರು ಆಡಿನ ಎಲುಬಿಗೆ ಮುತ್ತಿಟ್ಟರು. ಉಳಿದವರು ತಾವು ಹಿಂದೆ ಬೀಳಬಾರದೆಂದು ಅವರ ಹಿಂದೆ ಸಾಲು ನಿಂತರು. ಸೆವ್ರಿನ್ ಬಾಯಿ ಭಾನುವಾರದ ಸೀರೆಯುಟ್ಟು ಬಂದಿದ್ದಳು. ಮಾತಾಡಲು ತನ್ನ ಸರದಿ ಬಂದಾಗ, "ಅಡುಗೆ ಪಾತ್ರೆ ಅದು. ಮಸಿ ನಾನು ತೆಗೆದದ್ದು, ನನ್ನ ತಪ್ಪು. ಮಾಷ್ಟ್ರ ಚಿತ್ರ ನೋಡಿ," ಎಂದಳು.

ಹಿರಿಯ ಟ್ರಸ್ಟಿ ಕೈ ಚಾಚಿದರು. ನಾನು ಹಾಳೆ ಕೊಟ್ಟೆ. ಅದು ಐದು ಕೈಗಳನ್ನು ದಾಟಿ ಕೊನೆಗೆ ಅವಳ ಕೈಗೆ ಹೋಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಚಂದ ತೊಳೆದಿದ್ದೀರಿ ಮಾಷ್ಟ್ರೆ," ಎಂದಳು. "ನನಗಿಂತ ಚಂದ."

ಹಾಳೆಯನ್ನು ಮಡಿಕೆ ಬೀಳದಂತೆ ನನ್ನ ಮುಂದಿದ್ದ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಮಳೆಗಾಲಕ್ಕೆ ಮೊದಲು ಅವಳ ಮನೆ ಕೆಡವಿದರು. ಅವಳು ಆಗಲೇ ಮೀನು ಮಾರ್ಕೆಟ್ಟಿನ ಹಿಂದಿನ ಕೋಣೆಯೊಂದಕ್ಕೆ ಹೋಗಿದ್ದಳು. ಗುಡಿಯ ಅಡಿಪಾಯಕ್ಕೆಂದು ಅಡುಗೆಮನೆಯ ನೆಲವನ್ನು ಆಳುದ್ದ ಅಗೆದಾಗ ನಾನು ಅಂಚಿನಲ್ಲಿ ನಿಂತಿದ್ದೆ. ಗುಂಡಿಯ ಗೋಡೆಯಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು: ಮೇಲೆ ಕೆಂಪು ಗಾರೆ, ಅದರ ಕೆಳಗೆ ಗೇಣುದ್ದ ಬೂದಿ, ಬೂದಿಯೊಳಗೆ ಸಾರಿಗೆ ಹಾಕಿದ ಮರುವಾಯಿಯ ಕಪ್ಪೆಚಿಪ್ಪು, ಒಂದು ಹಸಿರು ಬಳೆಯ ಚೂರು. ಅದನ್ನು ಯಾರೂ ಅಳೆಯಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಕೂಲಿಯವರು ಬುಟ್ಟಿ ಬುಟ್ಟಿಯಾಗಿ ಕಾಂಕ್ರೀಟು ಸುರಿದರು. ಅದು ನಿಧಾನವಾಗಿ ಏರುತ್ತ, ಮೊದಲು ಚಿಪ್ಪುಗಳನ್ನು, ಆಮೇಲೆ ಬೂದಿಯನ್ನು ಮುಚ್ಚಿತು.