ಗಂಟಲಲ್ಲೊಂದು ಭೂಕಂಪ

ನೆಲ ಎಂದೂ ಮೈ ಮುರಿಯದ ದೇಶಕ್ಕೆ ಭೂಕಂಪ ಅಳೆಯುವವನೊಬ್ಬ ಬಂದು ಮಾಡುವುದೇನು? ಗಾಗಿಕ್‌ನನ್ನು ರೋಸ್ಕಿಲೆ ಎಂಬ ಡ್ಯಾನಿಷ್ ಊರಿನಲ್ಲಿ ಸಿಕ್ಕಿದವರೆಲ್ಲ ಹೀಗೆ ಕೇಳಿ ನಕ್ಕಿದ್ದರು. ಗಾಳಿಯಂತ್ರದ ಕಂಬಗಳು ಎಷ್ಟು ನಡುಗುತ್ತವೆ ಎಂದು ಅಳೆಯುವ ಕೆಲಸ ಸಿಕ್ಕ ಮೇಲೆ ಅವನೂ ಜೊತೆಗೆ ನಗುತ್ತಿದ್ದ. ಏನನ್ನೂ ಕೇಳದೆ, ನಗದೆ ಇದ್ದವರು ಅವನ ಅತ್ತೆ ಇಂಗೆಲಿಸೆ ಒಬ್ಬರೇ.

ಅತ್ತೆ ಒರಟರಲ್ಲ. ಕಷ್ಟವಿದ್ದದ್ದೇ ಅಲ್ಲಿ. ಅವನು ಒಳಗೆ ಕಾಲಿಟ್ಟೊಡನೆ ಊಟದ ಮೇಜಿನ ಮಾತೆಲ್ಲ ಡ್ಯಾನಿಷ್‌ನಿಂದ ಇಂಗ್ಲಿಷಿಗೆ ಹೊರಳುತ್ತಿತ್ತು, ನೆಂಟರು ಬಂದರೆಂದು ಮೇಜಿಗೆ ಹೊಸ ಬಟ್ಟೆ ಹಾಸಿದ ಹಾಗೆ. "ಪ್ರಯಾಣ ಸುಖವಾಗಿತ್ತೇ?" ಎಂದು ಅತ್ತೆ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ಗಾಗಿಕ್ ಇದ್ದದ್ದು ಪಕ್ಕದ ಬೀದಿಯಲ್ಲಿ. "ಇನ್ನೊಂದು ಆಲೂಗಡ್ಡೆ ತೆಗೆದುಕೊಳ್ಳುತ್ತೀರಾ?" ಅನ್ನುತ್ತಿದ್ದರು. ಆಮೇಲೆ ಮೇಜಿನ ಕೆಳಗೆ ಬಗ್ಗಿ, ಮೋಟುಗಾಲಿನ ಮುದಿ ನಾಯಿ ಲೊಪ್ಪೆಯ ಹತ್ತಿರ ಡ್ಯಾನಿಷ್‌ನಲ್ಲಿ ಎಷ್ಟೋ ಹೊತ್ತು ಮುದ್ದಾಗಿ ಮಾತಾಡುತ್ತಿದ್ದರು. ಆ ಮನೆಯಲ್ಲಿ ನಾಯಿಗೂ ಡ್ಯಾನಿಷ್ ಬರುತ್ತಿತ್ತು.

"ಅಮ್ಮ ನಿನಗೆ ಅನುಕೂಲ ಆಗ್ಲಿ ಅಂತ ಹಾಗೆ ಮಾಡ್ತಾಳೆ ಕಣೋ," ಅಂದಳು ಹೆಂಡತಿ ಸಿಗ್ನೆ.

"ಅನುಕೂಲ ಅಲ್ಲ. ನಮ್ಮೂರು ಯೆರೆವಾನ್‌ಗೆ ವಾಪಸ್ ಹೋಗೋನು ಅಂದ್ಕೊಂಡಿದ್ದಾರೆ. ಹೋಗೋ ನೆಂಟನಿಗೆ ಯಾರು ತಮ್ಮ ಭಾಷೆ ಖರ್ಚು ಮಾಡ್ತಾರೆ?"

ತಾಯಿ ಅದೇ ಮಾತನ್ನು ಫೋನಿನಲ್ಲಿ ಹೇಳಿದ್ದನ್ನು ಸಿಗ್ನೆ ಕೇಳಿದ್ದಳು.

ಬರುವ ಮಾರ್ಚ್‌ನಲ್ಲಿ ಅತ್ತೆಗೆ ಎಪ್ಪತ್ತು ತುಂಬುವುದಿತ್ತು. ಇಲ್ಲಿ ಅಂಥ ಹುಟ್ಟುಹಬ್ಬದಲ್ಲಿ ಮನೆಯವರು ಗ್ಲಾಸಿಗೆ ಚಮಚ ಬಡಿದು, ಎದ್ದು ನಿಂತು ನಾಲ್ಕು ಮಾತು ಆಡಬೇಕು. ಗಾಗಿಕ್ ಅಂದೇ ನಿಶ್ಚಯಿಸಿಬಿಟ್ಟ. ತಾನು ಆಡುವುದು ಡ್ಯಾನಿಷ್‌ನಲ್ಲೇ. ಅತ್ತೆ ಉತ್ತರ ಕೊಡಬೇಕಾದದ್ದೂ ಡ್ಯಾನಿಷ್‌ನಲ್ಲೇ.

ಮರುದಿನವೇ ಭಾಷಾ ಶಾಲೆಗೆ ಹೋದ. ಹೆಸರು ಬರೆದುಕೊಳ್ಳುತ್ತಿದ್ದವರು, ಮುಂದೆ ಅವನಿಗೆ ಪಾಠ ಹೇಳಬೇಕಾದವರು, ಇಬ್ಬರೂ ಒಬ್ಬರೇ. ಟೋವೆ ಎಂಬ ಹೆಂಗಸು. ಕನ್ನಡಕ ತಲೆಯ ಮೇಲಿತ್ತು. ಅದನ್ನು ಅವರು ಮೇಜಿನ ಮೇಲೆ ಹುಡುಕುತ್ತಿದ್ದರು.

"ಯಾಕೆ ಕಲೀಬೇಕು? ಕೆಲಸಕ್ಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ."

"ಪೌರತ್ವಕ್ಕಾ?"

"ಅಲ್ಲ. ಅತ್ತೆಗೆ."

ಟೋವೆ ಕಂಪ್ಯೂಟರ್ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. "ಇದರಲ್ಲಿ ಅತ್ತೆ ಇಲ್ಲ. 'ಇತರೆ' ಅಂತ ಹಾಕ್ಲಾ?"

"ಅವರು ಇತರೆ ಅಲ್ಲ ಮೇಡಂ. ಅವರೇ ಮುಖ್ಯ."

"ನನಗೂ ಒಬ್ಬರಿದ್ರು," ಅಂದರು ಟೋವೆ, ಒಂದು ಸಾಲಿದ್ದ ಕಾಗದ ಮುಂದಿಡುತ್ತಾ. "ಓದಿ. ನಿಮ್ಮನ್ನ ಯಾವ ತರಗತೀಲಿ ಕೂರಿಸೋದು ನೋಡೋಣ."

ಗಾಗಿಕ್ ಮನೆಯಲ್ಲಿ ಅಕ್ಷರಮಾಲೆ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದಕ್ಷರಕ್ಕೂ ಅನ್ಯಾಯವಾಗದಂತೆ ಸಾಲನ್ನು ಪೂರ್ತಿ ಓದಿದ. ಟೋವೆ ಕಣ್ಣು ಮುಚ್ಚಿ ಕೇಳಿದರು.

"ಬರೆದದ್ದನ್ನೆಲ್ಲ ಹೇಳಿಬಿಟ್ರಲ್ಲ! ಇಲ್ಲಿ ಅರ್ಧ ಅಕ್ಷರ ನುಂಗಬೇಕು."

"ಯಾವ ಅರ್ಧ?"

"ಅದೇ ಕೋರ್ಸು," ಅಂದರು ಟೋವೆ. "ಮಂಗಳವಾರ ಸಂಜೆಯಿಂದ ಬನ್ನಿ."

ತರಗತಿಯಲ್ಲಿ ಅವನ ಪಕ್ಕ ಕೂರುತ್ತಿದ್ದವಳು ಫಿಲಿಪೀನ್ಸ್‌ನ ಮರಿಸೆಲ್. ವೃದ್ಧಾಶ್ರಮದಲ್ಲಿ ಕೆಲಸ, ಎಲ್ಲಕ್ಕೂ ನಗು. ಅಕ್ಷರ ನುಂಗುವುದನ್ನು ಗಾಗಿಕ್ ಚಳಿಗಾಲದ ಹೊತ್ತಿಗೆ ಸುಮಾರಾಗಿ ಕಲಿತ. ಆಮೇಲೆ ಟೋವೆ ಒಂದು ಸಂಜೆ ಬೋರ್ಡಿನ ಮೇಲೆ ಎರಡು ಪದ ಬರೆದರು.

"ಎರಡನ್ನೂ ಹೇಳೋದು 'ಹುನ್' ಅಂತಲೇ. ಆದ್ರೆ ಮೊದಲನೇದನ್ನ ಸುಮ್ನೆ ಹರಿಯೋಕೆ ಬಿಡಿ. ಅದು 'ಅವಳು'. ಎರಡನೇದರ ಕೊನೇಲಿ ಗಂಟಲು ಚೂರು ಹಿಡಿದು ಬಿಡಬೇಕು, ಬಿಕ್ಕಳಿಕೆ ಬರೋಕೆ ಹೋಗಿ ನಿಂತ ಹಾಗೆ. ಅದು 'ನಾಯಿ'."

"ಹಿಡಿಯೋದು ಮರೆತ್ರೆ?" ಎಂದಳು ಮರಿಸೆಲ್.

"ನಾಯಿ ಅವಳಾಗುತ್ತೆ."

"ಹೆಚ್ಚು ಹಿಡಿದ್ರೆ?"

"ಅವಳು ನಾಯಿ ಆಗ್ತಾಳೆ. ಹಾಗಾಗಿ ಜೋಪಾನ."

ಉಳಿದವರು ನಕ್ಕರು. ಗಾಗಿಕ್ ಬೆನ್ನು ನೆಟ್ಟಗೆ ಮಾಡಿ ಕೂತ. ಬಂದಾಗಿನಿಂದ ಈ ದೇಶದಲ್ಲಿ ಅವನು ಹುಡುಕುತ್ತಿದ್ದದ್ದು ಸಿಕ್ಕಿತ್ತು. ಇಲ್ಲಿನ ನೆಲ ನಡುಗುವುದಿಲ್ಲ, ನಿಜ. ನಡುಗುವುದೆಲ್ಲ ಇಲ್ಲಿನವರ ಗಂಟಲಲ್ಲಿ.

ಅಂದಿನಿಂದ ಮನೆಯಲ್ಲಿ ಬಿಕ್ಕಳಿಕೆಯ ಕಾಲ. ತನ್ನ ದನಿಯನ್ನು ಕಂಪ್ಯೂಟರಿಗೆ ಹಿಡಿದು, ಅಲೆಗಳ ಗೆರೆ ಎಳೆಸಿ, ತರಗತಿಯಲ್ಲಿ ಹಿಡಿದು ತಂದಿದ್ದ ಟೋವೆಯವರ ದನಿಯ ಗೆರೆಯ ಪಕ್ಕ ಇಟ್ಟು ನೋಡಿದ. ಅವರ ಗೆರೆಯಲ್ಲಿ ಚಿಕ್ಕದೊಂದು ಹಳ್ಳ. ಇವನದರಲ್ಲಿ ಕಂದರ. ಗೆರೆಗಳನ್ನು ನಂಬಿ ಉಪಯೋಗವಿಲ್ಲ, ಕಿವಿಯುಳ್ಳ ಉಪಕರಣ ಬೇಕು ಅನ್ನಿಸಿತು.

ಉಪಕರಣ ತಾನಾಗಿಯೇ ನಡೆದು ಬಂತು. ಅತ್ತೆ ಗುರುವಾರಗಳಂದು ಗೆಳತಿಯರ ಜೊತೆ ಮಂಜುನೀರಿನ ಕೊಲ್ಲಿಯಲ್ಲಿ ಮುಳುಗೇಳಲು ಹೋಗುವಾಗ ಲೊಪ್ಪೆಯನ್ನು ಇವರ ಮನೆಯಲ್ಲಿ ಬಿಡುತ್ತಿದ್ದರು. "ಒಳ್ಳೇ ನಾಯಿ, ಜಾಣ ನಾಯಿ" ಎಂದು ದಿನವಿಡೀ ಕೇಳಿ ಬೆಳೆದ ಪ್ರಾಣಿ ಅದು. ಗಾಗಿಕ್ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು "ಹುನ್" ಅಂದ. ಲೊಪ್ಪೆ ಮಲಗಿಯೇ ಇತ್ತು. ಗಂಟಲು ಬಿಗಿದ. ಲೊಪ್ಪೆ ಒಂದು ಕಣ್ಣು ತೆರೆಯಿತು. ವಾರಗಳು ಉರುಳಿದವು. ಒಂದು ಗುರುವಾರ ಅವನು ಹೇಳಿದೊಡನೆ ಲೊಪ್ಪೆ ಕಿವಿ ನಿಮಿರಿಸಿ, ಎದ್ದು, ಬಾಲ ಅಲ್ಲಾಡಿಸಿ ತಿಂಡಿಗಾಗಿ ಅವನ ಬಾಯಿ ನೋಡಿತು. ಮತ್ತೆ ಹೇಳಿದ, ಮತ್ತೆ ಎದ್ದಿತು.

"ಸಿಗ್ನೆ! ನಾಯಿಗೆ ಅರ್ಥವಾಯ್ತು!"

"ಅಮ್ಮನಿಗೆ ಅರ್ಥವಾಗೋದು ಬೇಡ್ವಾ?" ಎಂದಳು ಸಿಗ್ನೆ ಬಚ್ಚಲಿಂದ.

ಭಾಷಣ ಬರೆದು ಟೋವೆಗೆ ತೋರಿಸಿದ. ಅವರು ಒಂದು ಅಲ್ಪವಿರಾಮ ಸೇರಿಸಿ ಮರಳಿಸಿದರು. ಕಾಗದದ ಮೇಲೆ ಒಂದೂ ತಪ್ಪಿರಲಿಲ್ಲ.

ಹುಟ್ಟುಹಬ್ಬದ ದಿನ ಅತ್ತೆಯ ಮನೆಯ ಮೇಜಿನುದ್ದಕ್ಕೂ ಪುಟ್ಟ ಬಾವುಟಗಳು, ಹುಳಿ ಹಾಕಿದ ಮೀನು, ಕಪ್ಪು ಬ್ರೆಡ್ಡು. ಗಾಗಿಕ್ ಒಳಗೆ ಬಂದೊಡನೆ ಮಾತೆಲ್ಲ ಇಂಗ್ಲಿಷಿಗೆ ಹೊರಳಿತು. ಅತ್ತೆಯ ತಮ್ಮ ಪ್ರೇಬನ್ ಮೊದಲು ಮಾತಾಡಿ ಕೂತರು. ಆಮೇಲೆ ಗಾಗಿಕ್ ಗ್ಲಾಸಿಗೆ ಚಮಚ ಬಡಿದ. ಎದ್ದು ನಿಂತ.

"ಪ್ರಿಯ ಅತ್ತೆ," ಎಂದು ಡ್ಯಾನಿಷ್‌ನಲ್ಲಿ ಶುರು ಮಾಡಿದ. ಅತ್ತೆಯ ಹುಬ್ಬು ಮೇಲೇರಿತು. ಇನ್ನು ಅವನು ಸುತ್ತ ಕೂತವರಿಗೆ ಅತ್ತೆಯನ್ನು ವರ್ಣಿಸಬೇಕು, 'ಅವಳು ಹೀಗೆ, ಅವಳು ಹಾಗೆ' ಎಂದು. ವಾರಗಟ್ಟಲೆ 'ನಾಯಿ'ಯೊಂದನ್ನೇ ಅಭ್ಯಾಸ ಮಾಡಿದ ಗಂಟಲು ತಾನಾಗಿಯೇ ಬಿಗಿದುಕೊಂಡಿತು.

"ನಾಯಿ ಮೊದಲ ದಿನ ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದಿತ್ತು."

ಮೇಜಿನ ಕೆಳಗೆ ಲೊಪ್ಪೆ ಎದ್ದಿತು. ಅದೂ ಅಂದು ಸ್ಟೇಷನ್ನಿಗೆ ಬಂದದ್ದು ನಿಜವೇ. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು.

"ನಾಯಿಗೆ ಹೊಸಬರನ್ನು ಕಂಡರೆ ಅಷ್ಟಕ್ಕಷ್ಟೇ. ನಾಯಿ ನನ್ನನ್ನು ದೂರದಿಂದಲೇ ನೋಡುತ್ತಿತ್ತು. ಆದರೂ ನಾಯಿ ತನ್ನ ಆಲೂಗಡ್ಡೆಯನ್ನು ನನಗೆ ಕೊಟ್ಟಿದೆ."

"ಲೊಪ್ಪೆ ಆಲೂಗಡ್ಡೆ ಕೊಡ್ತಾ?" ಎಂದು ಪ್ರೇಬನ್ ಪಿಸುಗುಟ್ಟಿದರು. ಲೊಪ್ಪೆ ಬಾಲ ಬೀಸುತ್ತ ಗಾಗಿಕ್‌ನ ಕಾಲ ಮೇಲೆ ಮುಂಗಾಲಿಟ್ಟಿತ್ತು. ಸಿಗ್ನೆ ಅಂಗೈಯಲ್ಲಿ ಹಣೆ ಒತ್ತಿ ಹಿಡಿದಿದ್ದಳು. ಅವನಿಗೇನೂ ತಿಳಿಯಲಿಲ್ಲ, ಮೆಚ್ಚುಗೆಯೆಂದುಕೊಂಡು ದನಿ ಏರಿಸಿದ.

"ನಾಯಿ ಚಳಿಗಾಲದಲ್ಲೂ ಗೆಳತಿಯರ ಜೊತೆ ಕೊಲ್ಲಿಯಲ್ಲಿ ಈಜುತ್ತದೆ. ಇವತ್ತಿಗೆ ನಾಯಿಗೆ ಎಪ್ಪತ್ತು ವರ್ಷ!"

ಪ್ರೇಬನ್ ಬಾಯಲ್ಲಿದ್ದ ಮೀನು ತಟ್ಟೆಗೆ ಮರಳಿತು. ಯಾರೋ ಕೀರಲಾಗಿ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗಾಗಿಕ್ ಲೊಪ್ಪೆಯನ್ನು ನೋಡಿದ. ಅದು ತಿಂಡಿಗಾಗಿ ಅವನ ಬಾಯನ್ನೇ ನೋಡುತ್ತಿತ್ತು. ಆಗ ತಿಳಿಯಿತು. ಉಪಕರಣವನ್ನು ಒಂದೇ ಪದಕ್ಕೆ ಪಳಗಿಸಿದ್ದ. ಇನ್ನೊಂದನ್ನು ಪರೀಕ್ಷೆ ಮಾಡಿರಲೇ ಇಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು. ಕಿವಿ ಕೆಂಪೇರಿ, ಕುರ್ಚಿಗಾಗಿ ಹಿಂದೆ ಕೈ ಚಾಚಿದ.

ಇಂಗೆಲಿಸೆ ಎದ್ದು ನಿಂತರು. ಅವರು ನಗುತ್ತಿರಲಿಲ್ಲ.

"ನೀವು ದಯವಿಟ್ಟು..." ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿದರು. ಲೊಪ್ಪೆಯನ್ನೊಮ್ಮೆ ನೋಡಿದರು, ಅಳಿಯನನ್ನೊಮ್ಮೆ. ಮತ್ತೆ ಬಾಯಿ ತೆರೆದಾಗ ಬಂದದ್ದು ಡ್ಯಾನಿಷ್. ಎಲ್ಲರಿಗೂ 'ನೀನು' ಅನ್ನುವ ಭಾಷೆ.

"ಕೂತ್ಕೋಬೇಡ ನೀನು. ನಿಂತ್ಕೋ. ನಾಯಿ ಅದು, ಕೆಳಗಿರೋದು. ನಾನು ಹುನ್. ಗಂಟಲು ಯಾಕೆ ಹಿಸುಕ್ತೀಯ? ಬಿಡು. ಹೇಳು."

"ಹುನ್," ಅಂದ ಗಾಗಿಕ್.

ಲೊಪ್ಪೆ ಬಾಲ ಆಡಿಸಿತು.

"ಅದು ಇನ್ನೂ ನಾಯಿನೇ. ಇನ್ನೊಂದ್ಸಲ."

"ಅಕ್ಕ, ಮೀನು ಆರಿಹೋಗತ್ತೆ," ಅಂದರು ಪ್ರೇಬನ್.

"ಅದು ಮೊದಲೇ ತಣ್ಣಗಿರೋ ಮೀನು, ಬಾಯ್ಮುಚ್ಚು. ಇನ್ನೊಂದ್ಸಲ, ಗಾಗಿಕ್."

ಅವನು ಹೇಳಿದ. ಮತ್ತೆ ಹೇಳಿದ. ಇಡೀ ಮೇಜು ಮೇಜುಬಟ್ಟೆಯನ್ನೆತ್ತಿ ನಾಯಿಯ ಕಿವಿಗಳನ್ನು ನೋಡುತ್ತಿತ್ತು. ಕೊನೆಗೊಮ್ಮೆ ಸೋತು, ಉಸಿರು ಬಿಡುತ್ತಾ, ಏನನ್ನೂ ಬಿಗಿಯದೆ "ಹುನ್" ಅಂದ. ಲೊಪ್ಪೆಗೆ ಬೇಸರ ಬಂದಿತ್ತೋ, ಪದವೇ ಸರಿಯಾಗಿತ್ತೋ, ಅದು ಮುಂಗಾಲುಗಳ ಮೇಲೆ ಗಲ್ಲವಿಟ್ಟು ಮಲಗಿಬಿಟ್ಟಿತು.

"ಹಾಂ," ಅಂದರು ಇಂಗೆಲಿಸೆ. "ಈಗ ಸ್ಟೇಷನ್ನಿಂದ ಶುರು ಮಾಡು. ಬಂದಿದ್ದು ನಾನು ಅಂತ ಇವರಿಗೆ ಗೊತ್ತಾಗ್ಲಿ."

ಅವನು ಸ್ಟೇಷನ್ನಿನಿಂದ ಶುರು ಮಾಡಿದ. ಮುಗಿದಾಗ ಎಲ್ಲರೂ ಎದ್ದು ಜಯಕಾರ ಕೂಗಿದರು. ಗದ್ದಲದ ನಡುವೆ ಅತ್ತೆ ಅವನತ್ತ ಬಗ್ಗಿ, ಅರ್ಧ ಅಕ್ಷರ ನುಂಗಿ ಏನೋ ಉದ್ದದ್ದೊಂದು ಹೇಳಿದರು. ಒಂದು ಪದವೂ ಅವನಿಗೆ ತಿಳಿಯಲಿಲ್ಲ. ಅಭ್ಯಾಸ ಬಲದಿಂದ ಸಿಗ್ನೆಯ ಕಡೆ ತಿರುಗಿದ.

"ಅವಳನ್ನ ಯಾಕೆ ನೋಡ್ತೀಯ?" ಅಂದರು ಅತ್ತೆ ಡ್ಯಾನಿಷ್‌ನಲ್ಲೇ, ಈ ಸಲ ನಿಧಾನವಾಗಿ. "ಗೊತ್ತಾಗ್ದಿದ್ರೆ ನನ್ನ ಕೇಳು."