ಕುಂಬಳದ ಬಿಳಿ ಮಗ್ಗುಲು

ಪೇಂಟರ್ ಮದುವೆಯಾಗಿ ಈ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಏಣಿ, ಒಂದು ಕಟ್ಟು ಬ್ರಶ್ಶು. ಮನೆಯಲ್ಲಿ ಆಗಲೇ ಇಬ್ಬರು ಮಕ್ಕಳಿದ್ದರು. ಚಿಕ್ಕವನು, ತನ್ನನ್ನು ಏಣಿ ಹತ್ತಿಸಿದ ದಿನವೇ, ಪೇಂಟರನನ್ನು ಅಪ್ಪ ಎಂದುಬಿಟ್ಟ. ದೊಡ್ಡವಳು ಅಷ್ಟು ಸುಲಭದ ಗಿರಾಕಿಯಲ್ಲ. ಎದುರಿಗೆ ಅವನನ್ನು ಏನೂ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ 'ಅಮ್ಮನ ಪೇಂಟರ್' ಅನ್ನುತ್ತಿದ್ದಳು. ಅವಳ ಬಾಯಲ್ಲಿ ತಾನು ಬೇರೆ ಏನಾದರೂ ಆಗಬೇಕು ಎಂಬುದೊಂದೇ ಅವನ ಆಸೆ. ಕೇಳಿ ಪಡೆಯುವ ವಸ್ತು ಅದಲ್ಲವಾದ್ದರಿಂದ ಅವನು ತಾರಸಿಯ ಮೇಲೆ, ತೂತು ಕೊರೆದ ಹಳೆಯ ಬಣ್ಣದ ಡಬ್ಬದಲ್ಲಿ, ಕುಂಬಳದ ಬೀಜ ಹಾಕಿದ.

ಬಳ್ಳಿ ನೀರಿನ ಟ್ಯಾಂಕನ್ನು ಸುತ್ತಿ ಹೂ ಬಿಟ್ಟಿತು. ಅಷ್ಟು ಎತ್ತರಕ್ಕೆ ಜೇನು ಬರುತ್ತಿರಲಿಲ್ಲ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಹಚ್ಚುವುದನ್ನು ಅವನು ತನ್ನ ಅತಿ ಸಣ್ಣ ಬ್ರಶ್ಶು ಕೊಟ್ಟು ಹುಡುಗಿಗೆ ಕಲಿಸಿದ. ಅವಳು ಅಂಚು ಬಿಡದೆ ಹಚ್ಚಿದಳು.

"ಎರಡನೇ ಕೋಟ್ ಬೇಕಾ?"

ಅವಳು ಅಲ್ಲಿಯವರೆಗೆ ಅವನೊಂದಿಗೆ ಆಡಿದ ಮಾತುಗಳಲ್ಲಿ ಅದೇ ಉದ್ದನೆಯದು. ಬೇಡದಿದ್ದರೂ ಬೇಕು ಎಂದ.

ನಿಂತದ್ದು ಒಂದೇ ಕಾಯಿ. ಅವಳು ಶಾಲೆಯಿಂದ ಬಂದವಳೇ ಚೀಲ ಎಸೆದು ಅದನ್ನು ನೋಡಲು ಓಡುತ್ತಿದ್ದಳು. ಬಿಸಿಲು ಬೀಳುವ ಕಡೆ ಕಾಯಿ ಕೆಂಪಾಗುತ್ತ ಬಂತು; ನೆಲಕ್ಕೆ ತಾಗಿದ ಮಗ್ಗುಲು ಮಾತ್ರ ಸುಣ್ಣ ಬಳಿದಂತೆ ಬಿಳಿ. ಎಲ್ಲ ಕುಂಬಳವೂ ಹಾಗೇ ಇರುತ್ತದೆ. ಆದರೆ ಒಂದು ಮೂಲೆ ಬಿಟ್ಟುಹೋದ ಗೋಡೆಯನ್ನು ನೋಡಿದರೆ ಅನ್ನ ಸೇರದ ಮನುಷ್ಯ ಅವನು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಯಾರಿಗೂ ಹೇಳದೆ ಕಾಯಿಯನ್ನು ಒಂದಿಷ್ಟೇ ತಿರುಗಿಸಿ ಹೋಗತೊಡಗಿದ.

ಒಂದು ಭಾನುವಾರ ಹಾಗೆ ತಿರುಗಿಸುವಾಗ ತೊಟ್ಟು ಟಕ್ ಎಂದಿತು; ಕಾಯಿ ಕೈಗೆ ಬಂತು.

ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗಿ, ಕೈಯಲ್ಲಿ ನೀರಿನ ಚೊಂಬು. ಎಲ್ಲವನ್ನೂ ನೋಡಿದ್ದಳು. ಅವಳ ಹಿಂದೆಯೇ ಅಮ್ಮ ಬಟ್ಟೆ ಹರವಲು ಬಂದಳು. ಖಾಲಿ ಬಳ್ಳಿ ಕಂಡು, ಯಾರು ಕಿತ್ತದ್ದು ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಪೇಂಟರನಿಗೂ ಗೊತ್ತಿತ್ತು. ಆದ್ದರಿಂದ ಅವನು ಕಾಯಿ ಹಿಡಿದ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ನಿಂತ. ಕಾಯಿ ಅವನ ಎರಡೂ ಪಕ್ಕದಿಂದ ಕಾಣುತ್ತಿತ್ತು.

ಹುಡುಗಿ ಅವನನ್ನೇ ದಿಟ್ಟಿಸಿದಳು. ಅಮ್ಮನ ಕಡೆ ತಿರುಗಿದಳು.

"ಯಾರೂ ಕಿತ್ತಿಲ್ಲಮ್ಮ. ಅದಕ್ಕೇ ಸಾಕಾಯ್ತು, ಬಿತ್ತು."

"ಬಿದ್ದಿದ್ದು ಇವರ ಬೆನ್ನ ಹಿಂದೆ ಹೋಗಿ ಕೂತಿದೆಯಲ್ಲೇ."

"ನೆರಳಿಗೆ ಹೋಗಿರ್ಬೇಕು."

ಅಮ್ಮ ಇಬ್ಬರನ್ನೂ ನೋಡಿ, ಬಟ್ಟೆ ಹರವಿ, ಇಳಿದುಹೋದಳು. ಹುಡುಗಿ ಚೊಂಬಿನ ನೀರನ್ನು ಎಂದಿನಂತೆ ಬಳ್ಳಿಗೆ ಹಾಕಿ ಕೆಳಗಿಳಿದಳು.

ಸಂಜೆ ಕೆಳಗಿನ ಮನೆಯ ಆಂಟಿ, ಪೂರ್ತಿ ಬಲಿಯುವ ಮೊದಲೇ ಯಾಕೆ ಕಿತ್ತಿರಿ ಎಂದು ಹುಡುಗಿಯನ್ನು ಕೇಳುತ್ತಿದ್ದುದು ಮೆಟ್ಟಿಲ ಮೇಲಿದ್ದ ಪೇಂಟರನಿಗೆ ಕೇಳಿಸಿತು.

"ನಮ್ಮ ಪೇಂಟರ್‌ಗೆ ಒಂದು ಕಡೆ ಬಿಳಿ ಉಳಿದ್ರೆ ಆಗಲ್ಲ ಆಂಟಿ. ಏನ್ಮಾಡೋದು, ಸಹಿಸ್ಕೋಬೇಕು."

ಅವನು ಅಲ್ಲೇ ನಿಂತ. ಇನ್ನೂ ಅಪ್ಪ ಅಲ್ಲ; ಬರೀ ಅಮ್ಮನ ಪೇಂಟರೂ ಅಲ್ಲ. ಆದರೆ ಮೊದಲ ಕೋಟು ಹತ್ತಿದೆ. ಒಣಗುವ ತನಕ ಮುಟ್ಟಬಾರದು. ಸದ್ದು ಮಾಡದೆ ಮತ್ತೆ ತಾರಸಿಗೆ ಹತ್ತಿದ.